ಒಂದು ಚಮಚ ಕೆಂಪೆಣ್ಣೆ

“ಗಂಡನ್ನ ನುಂಗ್ದ ಬಾಯಿ ಕಣೇ ಇದು. ಒಂದು ಚಮಚ ಎಣ್ಣೆ ನುಂಗಕ್ಕಾಗಲ್ವ? ತೆಗಿ. ಇನ್ನೂ ಅಗಲ ತೆಗಿಯೇ, ಲೌಡಿ.”

ಮೇಸ್ತ್ರಿ ಅಲೊ ಚಮಚದ ಹಿಡಿಯನ್ನು ಒಗೆರಿಯ ಬಾಯೊಳಗೆ ತೂರಿಸಿ ನಾಲಿಗೆ ಎತ್ತಿ ನೋಡಿದ. ನಾಲಿಗೆಯ ಕೆಳಗೆ ಏನೂ ಇರಲಿಲ್ಲ. ಎಡಗೆನ್ನೆ ಒತ್ತಿದ, ಅಲ್ಲೂ ಇಲ್ಲ. ಬಲಗೆನ್ನೆ ಒತ್ತಿದ್ದೇ ತಡ, ತುಟಿಯ ಅಂಚಿನಿಂದ ಕೆಂಪಗೆ ತಾಳೆಎಣ್ಣೆ ಗದ್ದಕ್ಕಿಳಿಯಿತು. ಹಿಂದೆ ಸಾಲುಗಟ್ಟಿ ನಿಂತಿದ್ದ ಹೆಂಗಸರು ಕಣ್ಣು ತಗ್ಗಿಸಿದರು. ಒಬ್ಬಳೂ ಕೆಮ್ಮಲಿಲ್ಲ. ಆ ಹೊತ್ತಿನಲ್ಲಿ ಕೆಮ್ಮಿದರೆ ಅವಳ ಮೇಲೂ ಕಣ್ಣು ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

“ಸಿಕ್ಕಿಬಿದ್ಲು ಧಣೇರೆ! ನಾನ್ ಹೇಳ್ಲಿಲ್ವಾ, ಕೆನ್ನೇಲಿಟ್ಕೊಂಡು ಕದ್ದೊಯ್ತವೆ ಅಂತ?”

ಧಣಿ ಒರೊಕೆಯ ಕಾರು ಕಲ್ಲು ಪುಡಿಮಾಡುವ ಕ್ರಷರಿನ ಗೇಟಿನ ಒಳಗೆ, ಧೂಳು ಹಾರದ ಕಡೆ ನೋಡಿಕೊಂಡು ನಿಂತಿತ್ತು. ಅವನು ಅಲ್ಲಿ ಎಂದೂ ಕಾರು ಬಿಟ್ಟು ಇಳಿದವನಲ್ಲ. ಗಾಜು ಎರಡು ಬೆರಳಷ್ಟು ಕೆಳಗಿಳಿಯಿತು. ಮೊದಲು ತಂಪು ಗಾಳಿ, ಅದರ ಹಿಂದೆ ಸೆಂಟಿನ ವಾಸನೆ, ಆಮೇಲೆ ಮೂಗಿಗೆ ಕರ್ಚೀಫು ಒತ್ತಿಕೊಂಡವನ ದನಿ ಹೊರಗೆ ಬಂದವು.

“ಯಾರಿಗೆ ಒಯ್ತಿದ್ದೆ?”

ಉತ್ತರ ಕೊಟ್ಟರೆ ಬಾಯಲ್ಲಿ ಉಳಿದದ್ದೂ ಚೆಲ್ಲಿಹೋಗುತ್ತದೆ. ಒಗೆರಿ ತುಟಿ ಬಿಗಿದು ನಿಂತಳು.

“ಇನ್ಯಾರಿಗೆ? ಇವ್ಳ ತಂಗಿಗೆ. ಪುಡಿ ಶೆಡ್ಡಿಂದ ಓಡ್ಸಿದ್ವಲ್ಲ, ನ್ವಾಕಾ ಅಂತ, ಅವ್ಳಿಗೆ,” ಅಂದ ಅಲೊ.

“ಅವಳೂ ಎಣ್ಣೆ ಕದ್ದೇ ಎದೆ ಕೆಡಿಸ್ಕೊಂಡ್ಲು. ಈಗ ಇವಳ ಸರದಿ.” ಧಣಿಯ ದನಿ ಎಲ್ಲರಿಗೂ ಕೇಳುವಷ್ಟು ಏರಿತು. “ನೋಡ್ರಮ್ಮ. ಪಟ್ಟಣದಿಂದ ಅದ್ಯಾರೋ ಬಂದು ಹೆಂಗಸರ ಮೂತಿಗೆ ಬಟ್ಟೆ ಕೊಡಿ, ಧೂಳೇಳದ ಹಾಗೆ ಮಿಷನ್ನಿಗೆ ನೀರು ಹಾಯಿಸಿ ಅಂದ್ರಲ್ಲ, ನಾನೇನಂದೆ? ನಮ್ಮ ಅಜ್ಜಿ ಮುತ್ತಜ್ಜಿಯರ ಔಷಧಿ ನಮಗಿದೆ, ಬಿಳಿಯರ ಚಿಂದಿ ನಮಗೆ ಬೇಡ ಅಂದೆ. ದಿನಾ ಸಂಜೆ ಎಣ್ಣೆ ಕಾಯಿಸಿ ನಿಮ್ಮ ಬಾಯಿಗೆ ಹಾಕಿಸ್ತಿರೋದು ಯಾತಕ್ಕೆ? ಎಣ್ಣೆ ಕುಡಿದವಳ ಎದೆಗೆ ಧೂಳು ಅಂಟಲ್ಲ. ಅಂಟಿದೆ ಅಂದ್ರೆ ಅವಳು ಎಣ್ಣೆ ಕದ್ದವಳೇ.”

ಆ ಕ್ರಷರಿನ ಕಾನೂನೇ ಅದು. ಕೆಮ್ಮಿದವಳು ಕಳ್ಳಿ, ಕಳ್ಳಿಗೆ ಕೆಲಸವಿಲ್ಲ. ಇಷ್ಟು ಸಲೀಸಾದ ಕಾನೂನು ದೇಶದ ರಾಜಧಾನಿಯಲ್ಲೂ ಇರಲಿಕ್ಕಿಲ್ಲ.

“ಉಗುಳೇ,” ಅಂದ ಅಲೊ.

ಒಗೆರಿ ಉಗುಳಿದಳು. ನೆಲದ ಮೇಲಿನ ಬಿಳಿ ಕಲ್ಲುಪುಡಿಯಲ್ಲಿ ಎಣ್ಣೆ ಇಂಗಲಿಲ್ಲ, ಕೆಂಪು ಅಂಗಿಗುಂಡಿಯ ಹಾಗೆ ಉಬ್ಬಿ ನಿಂತಿತು.

“ಈಗ ನೆಕ್ಕು. ಧಣೇರ ಎಣ್ಣೆ ನೆಲದ ಪಾಲಾಗಬಾರ್ದು.”

ಅವಳು ಕಾರಿನ ಕಡೆ ನೋಡಿದಳು. ಧಣಿ ಬೇಡ ಅನ್ನಬಹುದು ಎಂಬ ಆಸೆ ಇತ್ತು ಅವಳಿಗೆ, ಹಾಳು ಆಸೆ. ಗಾಜು ಎರಡು ಬೆರಳಷ್ಟೇ ತೆರೆದಿತ್ತು, ಅದು ಏರಲೂ ಇಲ್ಲ ಇಳಿಯಲೂ ಇಲ್ಲ. ಒಗೆರಿ ಮಂಡಿಯೂರಿ, ಎರಡೂ ಕೈ ನೆಲಕ್ಕೂರಿ ನೆಕ್ಕಿದಳು. ಹಲ್ಲಿನ ನಡುವೆ ಕಲ್ಲು ಕರಕರ ಅಂದಿತು. ಅಲೊ ಮತ್ತೆ ಅವಳ ಬಾಯಿ ತೆಗೆಸಿ, ಹಿಡಿ ತೂರಿಸಿ, ನುಂಗಿದ್ದಾಳೆ ಎಂದು ಖಾತ್ರಿ ಮಾಡಿಕೊಂಡ.

“ಹಾಂ, ಈಗ ಔಷಧಿ ಒಳಗೆ ಹೋಯ್ತು,” ಅಂದಿತು ದನಿ. ಗಾಜು ಮೇಲೇರಿತು.

ಆ ಎಣ್ಣೆ ಸಂತೆಯಲ್ಲಿ ಸಿಗುವಂಥದ್ದಲ್ಲ. ಎಲೆಚಿಯವ್ವ ಎಂಬ ಮುದುಕಿ ಕ್ರಷರಿನ ಹಿಂದಿನ ಒಲೆಯ ಮೇಲೆ ಅದನ್ನು ಕಾಯಿಸುತ್ತಿದ್ದಳು. ಕೆಂಪು ತಾಳೆಎಣ್ಣೆಗೆ ಜಜ್ಜಿದ ಕಹಿ ಕೋಲಾ ಬೀಜ, ಕಾಡುತುಳಸಿ, ಕಹಿಸೊಪ್ಪಿನ ಬೇರು ಬೀಳುತ್ತಿದ್ದವು. ಜೊತೆಗೆ ಒಂದು ತೊಗಟೆ, ಅದರ ಹೆಸರನ್ನು ಅವಳು ಸೊಸೆಗೂ ಹೇಳಿರಲಿಲ್ಲ. ಹೊಗೆ ಕುಡಿದ ಕೂಸಿಗೆ, ಸೀಮೆಎಣ್ಣೆ ಕುಡಿದ ಕೂಸಿಗೆ, ವಿಷದ ಸೊಪ್ಪು ತಿಂದವನಿಗೆ, ಆ ಸೀಮೆಯಲ್ಲಿ ಎಲ್ಲಕ್ಕೂ ಕೆಂಪೆಣ್ಣೆಯೇ ಮದ್ದು. ಎಣ್ಣೆ ಎಂಥ ಕೊಳೆಯನ್ನಾದರೂ ಜಾರಿಸಿಕೊಂಡು ಹೋಗುತ್ತದೆ ಎಂಬುದನ್ನು ಅಬಾಕಲಿಕಿ ಪಟ್ಟಣದ ಕಡೆಯ ಹೆಂಗಸರು ಎದೆಹಾಲಿನ ಜೊತೆಗೇ ಕುಡಿದಿದ್ದರು. ಮೇಸ್ತ್ರಿ ಅಲೊನೂ ಅಷ್ಟೇ. ಸಾಲಿನ ಮೊದಲ ಚಮಚವನ್ನು ಅವನೇ ಕುಡಿಯುತ್ತಿದ್ದ, ಕೊನೆಯದನ್ನೂ. ಬೈಗುಳದ ನಡುನಡುವೆ ಅವನಿಗೂ ಗಂಟಲು ಕಟ್ಟಿ ಕ್ಯಾಕರಿಸಬೇಕಾಗುತ್ತಿತ್ತು.

ಒಗೆರಿ ಮನೆಗೆ ಬಂದಾಗ ನ್ವಾಕಾ ಗೋಡೆಗೆ ಒರಗಿ ಕೂತಿದ್ದಳು. ಬೆನ್ನಿಗೆ ಹುಲ್ಲು ತುಂಬಿದ ಚೀಲ ಕೊಟ್ಟಿತ್ತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವಳ ನಿದ್ದೆಯೂ ಕೂತೇ. ಇನ್ನೂ ಮದುವೆಯಾಗದ ಹುಡುಗಿ, ಕಲ್ಲಿನ ಬಾಂಡ್ಲಿ ಹೊತ್ತುಕೊಂಡೇ ಕುಣಿಯುತ್ತಿದ್ದವಳು. ಹಿಟ್ಟಿನಷ್ಟು ನುಣ್ಣಗೆ ಕಲ್ಲು ಬೀಸುವ ಪುಡಿ ಶೆಡ್ಡಿಗೆ ಹಾಕಿದ ಮೇಲೆ, ಎರಡು ಮಳೆಗಾಲ ಕಳೆಯುವುದರೊಳಗೆ ಕೊರಳ ಮೂಳೆ ಎದ್ದು ಕಾಣುವ ಹಾಗಾಗಿದ್ದಳು.

“ತಂದ್ಯಾ ಅಕ್ಕ?”

ದಿನವೂ ಒಗೆರಿ ಬಂದವಳೇ ತಂಗಿಯ ಮುಂದೆ ಕೂತು, ಬಾಯಿಂದ ಬಾಯಿಗೆ, ಹಕ್ಕಿ ಮರಿಗೆ ಗುಟುಕು ಕೊಡುವ ಹಾಗೆ ಎಣ್ಣೆ ಕೊಡುತ್ತಿದ್ದಳು. ಅವತ್ತು ಸುಮ್ಮನೆ ಒಲೆಯ ಕಡೆ ನಡೆದಳು.

“ಇವತ್ತಿಲ್ಲ ಕಣೇ. ಎಣ್ಣೆ ಡ್ರಮ್ಮು ಖಾಲಿಯಾಗಿತ್ತು.”

“ನಿನ್ ಗಲ್ಲಕ್ಕೆ ಕಲ್ಲುಪುಡಿ ಮೆತ್ತಿದೆ.”

“ಎಲ್ಲರಿಗೂ ಮೆತ್ತಿರ್ತದೆ.”

“ನಾಲಿಗೆ ಮ್ಯಾಲೂ ಐತೆ.”

ಒಗೆರಿ ಬಾಯಿ ಮುಚ್ಚಿಕೊಂಡಳು. ಮರಗೆಣಸಿನ ಮುದ್ದೆ ತಿರುವಿ, ಕಹಿಸೊಪ್ಪಿನ ಸಾರು ಬಿಸಿ ಮಾಡಿ ತಂಗಿಯ ಮುಂದಿಟ್ಟಳು. ನ್ವಾಕಾ ಸಾರನ್ನಷ್ಟೇ ಕುಡಿದಳು. ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಅವಳ ಎದೆ ಕಿತ್ತುಹೋದ ತಿದಿಯ ಹಾಗೆ ಸದ್ದು ಮಾಡುತ್ತಿತ್ತು.

“ಅಕ್ಕ, ದೇವ್ರಾಣೆಗೂ ನಾನು ಒಂದ್ ತೊಟ್ಟೂ ಕದ್ದಿರ್ಲಿಲ್ಲ. ಎಲ್ಲಾ ನುಂಗ್ತಿದ್ದೆ. ಮತ್ಯಾಕ್ ನಂಗೆ ಹಿಂಗಾಯ್ತು?”

“ಸಾಲ್ಲಿಲ್ಲ ಕಣವ್ವ. ಆ ಶೆಡ್ಡಲ್ಲಿ ನಿಂತವ್ಳಿಗೆ ಒಂದ್ ಚಮಚ ಯಾವ ಮೂಲೇಗೆ? ತುಂಬಾ ಕುಡೀಬೇಕಿತ್ತು. ಒಂದೇ ಸಲಕ್ಕೆ ತುಂಬಾ ಕುಡುದ್ರೆ ಎಲ್ಲಾ ಕಿತ್ಕೊಂಡ್ ಬತ್ತದೆ.”

“ಬತ್ತದಾ?”

“ಬತ್ತದೆ,” ಅಂದಳು ಒಗೆರಿ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಹಾಗೇ ನಂಬಿದ್ದಳು. ತಂಗಿ ಬದುಕಬೇಕು, ಬದುಕಲು ಎಣ್ಣೆ ಬೇಕು, ಅಷ್ಟೇ ಅವಳ ತಲೆಯಲ್ಲಿ ಇದ್ದದ್ದು.

ನಾಲ್ಕು ದಿನಕ್ಕೊಮ್ಮೆ ಬರುವ ಎಕೆ ಸಂತೆಯ ದಿನ ಕ್ರಷರಿಗೆ ರಜೆ. ಮಧ್ಯಾಹ್ನ ಎಲೆಚಿಯವ್ವ ಮೈಗೆ ಸುತ್ತಿದ ಬಟ್ಟೆಯೊಳಗೆ ಏನನ್ನೋ ಮುಚ್ಚಿಟ್ಟುಕೊಂಡು, ಬಸುರಿಯ ಹಾಗೆ ನಡೆಯುತ್ತಾ ಬಂದಳು. ಬಾಗಿಲು ಮುಂದೆ ಮಾಡಿ, ಬಟ್ಟೆ ಸರಿಸಿ, ಒಂದು ಮಡಕೆ ಹೊರತೆಗೆದಳು.

“ನೀನು ಅವತ್ತು ನೆಲ ನೆಕ್ಕಿದ್ ನೋಡ್ದಾಗಿಂದ ನಂಗೆ ಗಂಟ್ಲಲ್ಲಿ ಮುದ್ದೆ ಇಳೀಲಿಲ್ಲ ಕಣೇ. ತಗಾ. ಅವನ ಡ್ರಮ್ಮಿಂದಲ್ಲ, ನಂದು. ನಮ್ಮನೆ ಒಲೇಲಿ ಕಾಸಿದ್ದು. ಬೇರು ಜಾಸ್ತಿ ಹಾಕಿದೀನಿ. ಎದೇಲಿರೋ ಕಲ್ಲೆಲ್ಲ ಕರಗಿ ಹೊರಗ್ ಬರಬೇಕು.”

ಒಗೆರಿ ಮುದುಕಿಯ ಪಾದ ಮುಟ್ಟಲು ಬಗ್ಗಿದಳು. “ಥೂ, ಏಳು. ಮೊದ್ಲು ಕುಡ್ಸು. ಬೆಚ್ಚಗಿರೋವಾಗ್ಲೇ ಕುಡ್ಸು.”

ನ್ವಾಕಾ ಕೂತೇ ನಾಲ್ಕೈದು ಗುಟುಕು ಕುಡಿದಳು, ಆಮೇಲೆ ತಲೆ ಅಲ್ಲಾಡಿಸಿದಳು. ಮಡಕೆಯನ್ನು ಕೈಯಿಂದ ದೂಡಿದಳು. ಮಡಕೆಯಲ್ಲಿ ಇನ್ನೂ ಬಹಳ ಉಳಿದಿತ್ತು. ಇಬ್ಬರೂ ಹೆಂಗಸರು ಮುಖ ಮುಖ ನೋಡಿಕೊಂಡರು. ಔಷಧಿ ಬೇಡ ಅನ್ನುವ ಮಕ್ಕಳಿಗೆ ಏನು ಮಾಡಬೇಕೆಂದು ಆ ಊರಿನ ಯಾವ ತಾಯಿಗೂ ಹೇಳಿಕೊಡಬೇಕಿಲ್ಲ. ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳಬೇಕು, ಮೂಗು ಹಿಡಿಯಬೇಕು, ಉಸಿರಿಗೆ ಬಾಯಿ ತೆರೆದಾಗ ಹುಯ್ಯಬೇಕು. ಒಗೆರಿಯನ್ನು ಅವಳ ಅವ್ವ ಹಾಗೇ ಬೆಳೆಸಿದ್ದಳು, ಅವ್ವ ಸತ್ತ ಮೇಲೆ ನ್ವಾಕಾಳನ್ನು ಒಗೆರಿ ಹಾಗೇ ಬೆಳೆಸಿದ್ದಳು.

“ಬ್ಯಾಡಕ್ಕ... ಮಲಗಿಸ್ಬ್ಯಾಡ...”

“ಒಂದೇ ಕಿತ ಕಣೇ ಬಂಗಾರ. ಕಣ್ಮುಚ್ಚಿ ನುಂಗು. ನುಂಗವ್ವ, ನುಂಗು.”

ಎಲೆಚಿಯವ್ವ ಕಾಲು ಹಿಡಿದುಕೊಂಡಳು. ಒಗೆರಿ ಮೂಗು ಹಿಡಿದು ಹುಯ್ದಳು. ನ್ವಾಕಾ ಬಾಯಿ ತೆರೆದಳು, ಎಣ್ಣೆ ಹೋಯಿತು. ಮತ್ತೆ ತೆರೆದಳು, ಮತ್ತೆ ಹೋಯಿತು. ಅವಳ ಉಗುರು ಅಕ್ಕನ ತೋಳಿನಲ್ಲಿ ನಾಟಿದವು. ಒಗೆರಿ ನೋವು ಲೆಕ್ಕಿಸದೆ, ಇದು ಒಳ್ಳೆಯದಕ್ಕೇ ಎಂದು, ಅವ್ವ ಹಾಡುತ್ತಿದ್ದ ಹಾಡು ಗುನುಗುತ್ತಾ ಹುಯ್ಯುತ್ತಲೇ ಇದ್ದಳು. ಮಡಕೆ ಬರಿದಾದಾಗ ಮೂಗು ಬಿಟ್ಟಳು. ಆ ಮೂಗಿನಿಂದ ಕೆಂಪು ಗುಳ್ಳೆಗಳು ಬಂದವು. ಗುಳ್ಳೆ ಒಡೆದವು, ಮತ್ತೆ ಬಂದವು. ಹುಡುಗಿಯ ಕಣ್ಣು ಅಕ್ಕನ ಮುಖದ ಮೇಲೇ ಇತ್ತು.

“ಬತ್ತಾ ಐತೆ, ಕೊಳೆ ಬತ್ತಾ ಐತೆ!” ಎಂದು ಎಲೆಚಿಯವ್ವ ಚಪ್ಪಾಳೆ ತಟ್ಟಿದಳು. ಚಪ್ಪಾಳೆ ತಟ್ಟಿದ ಆ ಎರಡು ಕೈಗಳನ್ನು ಮುದುಕಿ ಆಮೇಲೆ ಎಲ್ಲಿಡಬೇಕೆಂದು ತಿಳಿಯದೆ ಬಹಳ ಒದ್ದಾಡಿದಳು.

ಬಾಡಿಗೆ ಮೋಟಾರ್‌ಬೈಕಿನಲ್ಲಿ ನ್ವಾಕಾಳನ್ನು ಇಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದರು. ಸಂಜೆಯ ತನಕ ಅವಳ ಎದೆ ಏರಿಳಿಯಿತು, ಆಮೇಲೆ ನಿಂತಿತು. ಡಾಕ್ಟರು ಚಿಕ್ಕ ವಯಸ್ಸಿನವನು. ಎದೆಯ ಫೋಟೊವನ್ನು ದೀಪಕ್ಕೆ ಹಿಡಿದು ತೋರಿಸಿ, ಒಗೆರಿಯ ಮುಖ ನೋಡದೆ ಮಾತಾಡಿದ. “ಎಣ್ಣೆ ಶ್ವಾಸದ ಚೀಲಕ್ಕೆ ಇಳಿದಿದೆ. ಮುಳುಗಿಹೋದಳು. ಆದರೆ ಇದು ಮೊದಲೇ ಕಲ್ಲಾಗಿತ್ತಮ್ಮ, ನೋಡು, ಈ ಬೆಳ್ಳಗಿರೋದೆಲ್ಲ ಕಲ್ಲುಪುಡಿ. ಎಣ್ಣೆ ಕುಡಿಸದಿದ್ರೂ ಹೆಚ್ಚು ದಿನ ಇರ್ತಿರಲಿಲ್ಲ. ಎಣ್ಣೆಯಿಂದ ಇದು ಹೋಗಲ್ಲ. ಯಾವುದರಿಂದಲೂ ಹೋಗಲ್ಲ.”

ಒಗೆರಿಗೆ ಅದರಲ್ಲಿ ಒಂದೇ ಮಾತು ಒಳಗಿಳಿಯಿತು. ತೋಳಿನ ಮೇಲೆ ತಂಗಿಯ ಉಗುರಿನ ಗುರುತು ನೋಡಿಕೊಂಡು, “ನಾನೇ ಕೊಂದೆ, ನನ್ ಕೈಯಾರ ಕೊಂದೆ” ಅಂದಳು.

ಮನೆಯ ಹಿಂದೆ ಗುಂಡಿ ತೋಡಿದರು. ಕ್ರಷರಿನ ಹೆಂಗಸರೆಲ್ಲ ಬಂದರು, ಅಲೊನೂ ಬಂದು ದೂರದಲ್ಲಿ ನಿಂತ. ಮಣ್ಣು ಮುಚ್ಚಿ ಗುದ್ದಲಿ ತೊಳೆಯುವ ಹೊತ್ತಿಗೆ ಧಣಿಯ ಕಾರು ಬಂತು. ಅಲ್ಲಿ ಧೂಳಿರಲಿಲ್ಲ, ಅದಕ್ಕೇ ಇರಬೇಕು, ಧಣಿ ಇಳಿದ. ಒಳ್ಳೆ ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಕೆಂಪು ಟೋಪಿ. ಅವನ ಮೂಗು ಇಷ್ಟು ಚೆಂದ ಇದೆಯೆಂದು ಹೆಂಗಸರಿಗೆ ಅವತ್ತೇ ಗೊತ್ತಾದದ್ದು.

“ಎಲ್ಲಿ ಅವಳು? ತಂಗಿ ಬಾಯಿಗೆ ಮಡಕೆ ಎಣ್ಣೆ ಹುಯ್ದೋಳು?”

ಒಗೆರಿ ಎದ್ದು ನಿಂತಳು.

“ಡಾಕ್ಟರು ನಂಗೂ ಹೇಳಿದ. ಎಣ್ಣೆ ಹುಯ್ದು ಸಾಯಿಸಿದೀಯ. ಕೊಲೆ ಕೇಸು ಇದು. ಪೊಲೀಸ್ನೋರು ನನ್ನ ಮುಖ ನೋಡಿ ಸುಮ್ಮನಿದಾರೆ. ನನ್ನ ಕ್ರಷರಿನ ಧೂಳಿಂದ ಸತ್ಲು ಅಂತ ಯಾವಳಾದ್ರೂ ಬಾಯಿಬಿಟ್ರೆ, ಇವಳನ್ನ ಒಳಗೆ ಹಾಕಿಸ್ತೀನಿ. ಗೊತ್ತಾಯ್ತಾ?” ಅವನು ಸುತ್ತಲೂ ನೋಡಿ, ತಿಳಿವಳಿಕೆ ಹೇಳುವವನ ಹಾಗೆ ಉಸಿರು ಬಿಟ್ಟ. “ಬುದ್ಧಿಯಿಲ್ಲದ ಮುಂಡೇವಾ. ಎಣ್ಣೆ ಕುಡಿದ್ರೆ ಹೋಗೋದು ಹೊಟ್ಟೆಗೆ. ಉಸಿರು ಹೋಗೋದು ಎದೆಗೆ. ಎದೆಗೂ ಎಣ್ಣೆಗೂ ಏನ್ರೇ ಸಂಬಂಧ? ಶಾಲೆಗೆ ಹೋದ ಮಗೂನೂ ಹೇಳ್ತದೆ.”

ಗುದ್ದಲಿ ತೊಳೆಯುತ್ತಿದ್ದವನು ಕೈ ನಿಲ್ಲಿಸಿದ. ಅಳುತ್ತಿದ್ದ ಹೆಂಗಸರು ತಲೆಯೆತ್ತಿ ಅವನ ಕಡೆ ನೋಡಿದರು. ದೂರದಲ್ಲಿ ನಿಂತಿದ್ದ ಅಲೊನ ಕೈ ತಾನಾಗಿಯೇ ಅವನ ಎದೆಯ ಮೇಲೆ ಹೋಯಿತು.

ಎಲೆಚಿಯವ್ವ ಕೋಲೂರಿಕೊಂಡು ಮುಂದೆ ಬಂದಳು. “ಹಂಗಾರೆ ನಮಗ್ಯಾಕ್ ಕುಡ್ಸಿದೆ ಧಣಿ? ನನ್ ಕೈಲಿ ಯಾಕ್ ಕಾಸಿಸ್ದೆ?”

ಧಣಿ ನಕ್ಕ. ಸಿಟ್ಟಿನ ನಗೆಯಲ್ಲ, ಮೊಮ್ಮಕ್ಕಳ ಮಾತಿಗೆ ಬರುವಂಥ ನಗೆ. “ನೀವೇ ಅಲ್ವೇನಜ್ಜಿ ಎಣ್ಣೆ ಎಣ್ಣೆ ಅಂತ ಸಾಯೋರು? ಮಕ್ಕಳು ಅತ್ರೆ ಕೈಗೊಂದು ಮಿಠಾಯಿ ಕೊಡಲ್ವ? ಹಂಗೆ ಕೊಟ್ಟೆ. ಸುಮ್ನಿದ್ರಲ್ಲ.” ಆಮೇಲೆ ಒಗೆರಿಯ ಕಡೆ ತಿರುಗಿ, “ನಾಳೆ ಕೆಲಸಕ್ಕೆ ಬಾ. ಪುಡಿ ಶೆಡ್ಡಲ್ಲಿ ಜಾಗ ಖಾಲಿ ಇದೆ,” ಅಂದು ಕಾರು ಹತ್ತಿದ.

ಆ ಸೀಮೆಯ ಹೆಂಗಸರಿಗೆ ಹಳೆಯದೊಂದು ಹಕ್ಕಿದೆ. ಗಂಡಸೊಬ್ಬ ಮಿತಿ ಮೀರಿದರೆ ಅವರು ಅವನ ಮೇಲೆ ‘ಕೂರುತ್ತಾರೆ’. ಎಳೆ ತಾಳೆಗರಿ ತಲೆಗೆ ಸುತ್ತಿ, ಒನಕೆ ಹಿಡಿದು, ಅವನ ಬಾಗಿಲಲ್ಲಿ ಕೂತು, ಅವನ ಮೇಲೇ ಹಾಡು ಕಟ್ಟಿ ಬೈದು, ಗೋಡೆ ಕುಟ್ಟುತ್ತಾರೆ. ಅವನು ತಪ್ಪಾಯಿತು ಅನ್ನುವ ತನಕ ಏಳುವುದಿಲ್ಲ. ಗಂಡಸರು ಯಾರೂ ನಡುವೆ ಬರುವಂತಿಲ್ಲ. ಅದೂ ಅಜ್ಜಿ ಮುತ್ತಜ್ಜಿಯರಿಂದ ಬಂದದ್ದೇ. ಧಣಿ ಆ ಔಷಧಿಯನ್ನು ಮರೆತಿದ್ದ.

ಮಾರನೆಯ ಬೆಳಿಗ್ಗೆ ಕಾರು ಗೇಟಿನ ಒಳಗೆ ಬಂದಾಗ ಹೆಂಗಸರು ಕಲ್ಲಿನ ರಾಶಿಯ ಮೇಲೆ ಸುಮ್ಮನೆ ಕೂತಿದ್ದರು. ಎಲ್ಲರ ಹಣೆಯ ಮೇಲೂ ಎಳೆಗರಿ ಇತ್ತು. ಕೈಯಲ್ಲಿ ಒನಕೆಯಿರಲಿಲ್ಲ, ಕಲ್ಲು ಒಡೆಯುವ ಸುತ್ತಿಗೆ ಇತ್ತು. ಕಾರಿನ ಹಿಂದೆ ಗೇಟು ಮುಚ್ಚಿಕೊಂಡಿತು. ಗಾಜು ಎರಡು ಬೆರಳು ಇಳಿಯಿತು.

“ಅಲೊ! ಏನೋ ಇದು? ಇವರನ್ನ ಎಬ್ಬಿಸೋ!”

ಅಲೊ ಡ್ರಮ್ಮಿನ ಪಕ್ಕ ನಿಂತಿದ್ದ. ಕೆಮ್ಮಿದ. ಮುಚ್ಚಿಟ್ಟುಕೊಳ್ಳದೆ, ಬಗ್ಗಿ, ಹೊಟ್ಟೆ ಹಿಡಿದುಕೊಂಡು ಚೆನ್ನಾಗಿ ಕೆಮ್ಮಿದ.

ಮೊದಲ ಸುತ್ತಿಗೆ ಏಟಿಗೆ ಗಾಜು ಬಿರುಕುಬಿಟ್ಟಿತು, ಎರಡನೆಯದಕ್ಕೆ ಉದುರಿತು. ತಂಪು ಗಾಳಿಯೆಲ್ಲ ಹೊರಗೆ ಹೋಯಿತು. ಧಣಿಯನ್ನು ಎಳೆದಾಗ ಟೋಪಿ ಬಿತ್ತು, ಒಂದು ಚಪ್ಪಲಿ ಕಾರಿನಲ್ಲೇ ಉಳಿಯಿತು. ಯಾರೂ ಅವನಿಗೆ ಹೊಡೆಯಲಿಲ್ಲ. ಬಾಂಡ್ಲಿ ಹೊತ್ತು ಗಟ್ಟಿಯಾದ ಕೈಗಳು ಅವನನ್ನು ನೆಲಕ್ಕೆ ಕಾಲು ತಾಗದ ಹಾಗೆ ಹೊತ್ತು ಪುಡಿ ಶೆಡ್ಡಿಗೆ ತಂದು, ನ್ವಾಕಾ ನಿಲ್ಲುತ್ತಿದ್ದ ಜಾಗದಲ್ಲಿ ಕೂರಿಸಿದವು. ಆಮೇಲೆ ಹೆಂಗಸರು ಅವನ ಸುತ್ತ ಒತ್ತೊತ್ತಾಗಿ, ಅವನ ತೊಡೆಯ ಮೇಲೆ, ಕಾಲಿನ ಮೇಲೆ, ಬಟ್ಟೆಯ ಚುಂಗಿನ ಮೇಲೆ ಕೂತರು.

“ಏನ್ ಬೇಕ್ರೇ ನಿಮಗೆ? ಬಟ್ಟೆ ಕೊಡಿಸ್ತೀನಿ! ಮೂಗಿಗೆ ಬಟ್ಟೆ, ಒಳ್ಳೇದು, ಬಿಳಿಯರದ್ದು!”

“ಚಿಂದಿ ಯಾಕ್ ಧಣಿ, ನಮಗೆ ಅಜ್ಜಿ ಔಷಧಿ ಐತೆ,” ಅಂದಳೊಬ್ಬಳು. ಇನ್ನೊಬ್ಬಳು ಅದಕ್ಕೆ ರಾಗ ಹಚ್ಚಿದಳು. ಸುತ್ತಿಗೆಗಳು ನೆಲ ಕುಟ್ಟಿ ತಾಳ ಹಾಕಿದವು. ಧಣಿಯ ಮೂಗು ಎಷ್ಟು ಚೆಂದ, ಧಣಿಯ ಮೂಗಿಗೆ ನಮ್ಮೂರ ಗಂಧ, ಎಂದು ಹಾಡು ಅಲ್ಲೇ ಹುಟ್ಟಿತು.

ಎಲೆಚಿಯವ್ವ ಬಾಗಿಲಿಗೆ ಬಂದು, “ಮೇಸ್ತ್ರಿ, ಮಿಷನ್ ಹಾಕಪ್ಪ,” ಅಂದಳು.

ಅಲೊ ಸ್ವಿಚ್ಚಿನ ಮುಂದೆ ಸ್ವಲ್ಪ ಹೊತ್ತು ನಿಂತ. ಧಣಿ ಅವನ ಹೆಸರು ಹಿಡಿದು, ಅವನ ಅಪ್ಪನ ಹೆಸರು ಹಿಡಿದು ಕೂಗಿದ. ಅಲೊ ಸ್ವಿಚ್ಚಿನ ಹಿಡಿ ಕೆಳಗೆಳೆದು, ಹೊರಗೆ ಹೋಗಿ ಕಲ್ಲಿನ ಮೇಲೆ ಕೂತ. ದೊಡ್ಡ ದವಡೆಗಳು ಕಲ್ಲು ಅಗಿಯತೊಡಗಿದವು. ಬಿಳಿ ಪುಡಿ ಮೇಲೆದ್ದು, ಸೂರಿಗೆ ತಾಗಿ, ಎಲ್ಲರ ಮೇಲೂ ಒಂದೇ ಸಮನೆ ಇಳಿಯಿತು. ಧಣಿ ಜೇಬಿಂದ ಕರ್ಚೀಫು ತೆಗೆದ. ಒಗೆರಿ ಅದನ್ನು ಕಿತ್ತು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಎಣ್ಣೆಯ ಡಬ್ಬಿಯನ್ನೂ ಅಲೊನ ಚಮಚವನ್ನೂ ಹಿಡಿದು ಅವನ ಮುಂದೆ ಮಂಡಿಯೂರಿದಳು.

“ಬಾಯ್ ತೆಗಿ ಧಣಿ.”

ಅವನು ತುಟಿ ಬಿಗಿದ. ಅವಳು ಮೂಗು ಹಿಡಿದಳು. ಉಸಿರಿಗೆ ಬಾಯಿ ತೆರೆಯಿತು, ಎಣ್ಣೆ ಹೋಯಿತು. ಬೆನ್ನು ನೇರ ಇರಲಿ ಎಂದು ಎಲೆಚಿಯವ್ವ ಹಿಂದಿನಿಂದ ಆತು ನಿಂತಿದ್ದಳು. ಮಲಗಿಸಬಾರದೆಂದು ಇಬ್ಬರೂ ಈಗ ಕಲಿತಿದ್ದರು, ಕಲಿಯಲು ಕೊಟ್ಟದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ಧಣಿ ಕೆಮ್ಮಿದ. ಬಿಳಿ ಬಟ್ಟೆಯ ಮೇಲೆ ಕೆಂಪು ಹನಿ ಬಿದ್ದವು, ಅದರ ಮೇಲೆ ಪುಡಿ ಕೂತಿತು.

“ಸಾಯ್ತೀನಿ ಕಣ್ರೇ! ಉಸಿರು ಕಟ್ತಿದೆ! ಸತ್ತೋಗ್ತೀನಿ!”

“ಯಾಕ್ ಸಾಯ್ತೀಯಪ್ಪ?” ಅಂದಳು ಎಲೆಚಿಯವ್ವ, ಅವನ ತಲೆ ಸವರುತ್ತಾ. “ಎಣ್ಣೆ ಕುಡುದಿದೀಯಲ್ಲ. ಒಂದ್ ಪಾಳಿ ಕೂತ್ಕೊ. ನಮ್ ಹುಡ್ಗಿ ಎರಡು ಮಳೆಗಾಲ ನಿಂತಿದ್ಲು.”

ಬಿಸಿಲೇರುವ ಹೊತ್ತಿಗೆ ಗೇಟು ಮುರಿದು ಪೊಲೀಸ್ ಜೀಪು ಒಳಗೆ ನುಗ್ಗಿತು. ಪೇದೆಗಳು ಕೋವಿ ಹಿಡಿದು ಶೆಡ್ಡಿನ ಬಾಗಿಲ ತನಕ ಓಡಿಬಂದರು. ಒಳಗಿನ ಬಿಳಿ ಮೋಡದಲ್ಲಿ ಧಣಿ ಯಾರು, ಕೂಲಿ ಯಾರು ತಿಳಿಯುವಂತಿರಲಿಲ್ಲ. ಒಂದು ಉಸಿರು ತೆಗೆದುಕೊಂಡವರೇ ಮೂಗಿಗೆ ತೋಳು ಒತ್ತಿ ಹಿಂದೆ ಸರಿದರು.

“ಮಿಷನ್ ನಿಲ್ಸಿ! ಈ ಧೂಳಲ್ಲಿ ಮನುಷ್ಯರು ಒಳಗೆ ಬರೋದು ಹೆಂಗೆ? ಮೊದ್ಲು ಮಿಷನ್ ನಿಲ್ಸ್ರೋ!”

ಒಳಗೆ ಹಾಡು ನಿಲ್ಲಲಿಲ್ಲ. ಸ್ವಿಚ್ಚಿಗೆ ಬೆನ್ನು ಕೊಟ್ಟು ನಾಲ್ಕು ಹೆಂಗಸರು ಸುತ್ತಿಗೆ ಹಿಡಿದು ನಿಂತಿದ್ದರು. ಒಗೆರಿಗೆ ಕೆಮ್ಮು ಬಂತು. ಮುಚ್ಚಿಟ್ಟುಕೊಳ್ಳದೆ ಕೆಮ್ಮಿ, ಉಗುಳಿ, ಧಣಿಯ ಗದ್ದ ಹಿಡಿದು ಚಮಚದ ಹಿಡಿಯನ್ನು ಅವನ ಬಾಯೊಳಗೆ ತೂರಿಸಿದಳು. ನಾಲಿಗೆ ಎತ್ತಿ ನೋಡಿದಳು. ಎಡಗೆನ್ನೆ ಒತ್ತಿದಳು. ಬಲಗೆನ್ನೆ ಒತ್ತಿದ್ದೇ ತಡ, ತುಟಿಯ ಅಂಚಿನಿಂದ ಕೆಂಪಗೆ ಎಣ್ಣೆ ಇಳಿಯಿತು.

“ಕಳ್ಳ,” ಅಂದಳು ಒಗೆರಿ, ಮತ್ತೊಂದು ಚಮಚ ಎಣ್ಣೆ ಮೊಗೆದುಕೊಳ್ಳುತ್ತಾ.

ಪಾಳಿ ಮುಗಿಯಲು ಇನ್ನೂ ಹೊತ್ತಿತ್ತು.